ಸೋದರಮಾವನ ಲೂಸ್ ಪ್ಯಾಂಟು

೧೯೮೧ರಲ್ಲಿ ಏಳನೇ ಇಯತ್ತೆಗೆ ಕೈಮುಗಿದು ಶಾಲೆ ಬಿಟ್ಟೆ. ಗಾರೆ ಕೆಲಸಕ್ಕೆ ಸೇರಿದೆ. ಇವತ್ತು ಕುಮಟೆಯಿಂದ ಭಟ್ಕಳದವರೆಗೆ ನಾನು ಕಟ್ಟಿದ ಯಾವ ಗೋಡೆಗಾದರೂ ರಸಮಟ್ಟ ಹಿಡಿದು ನೋಡಿ, ಅದರೊಳಗಿನ ಗಾಳಿಗುಳ್ಳೆ ನಡುವಿನಿಂದ ಅಲುಗುವುದಿಲ್ಲ. ಇಂಥವನು ಒಂದು ಪ್ಯಾಂಟಿನ ಅಳತೆಯಲ್ಲಿ ಎಡವುತ್ತಾನೆಂದರೆ ಯಾರು ನಂಬುತ್ತಾರೆ?

ತೊಂಬತ್ತೊಂಬತ್ತರಲ್ಲಿ ಹೊನ್ನಾವರದ ಅಕ್ಕನ ಮಗಳು ಸವಿತಾಳ ಮದುವೆ ಬಂತು. ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರುವುದು ಸೋದರಮಾವನ ಹಕ್ಕು. ಇದ್ದ ಒಬ್ಬನೇ ಮಾವ ನಾನು. ಗಂಡಿನ ಕಡೆಯವರೆಲ್ಲ ಓದಿದವರು, ನೌಕರಿಯವರು. ಸಾಲದ್ದಕ್ಕೆ ವೀಡಿಯೊ ಬೇರೆ. ಪಂಚೆ ಸಾಕೆಂದಳು ಅಕ್ಕ. ಅಷ್ಟು ಜನರ ಮುಂದೆ ಏಳನೇ ಇಯತ್ತೆಯವನಂತೆ ಕಾಣಲು ನಾನು ತಯಾರಿರಲಿಲ್ಲ. ಪ್ಯಾಂಟೇ ಹೊಲಿಸುವುದೆಂದು ತೀರ್ಮಾನಿಸಿದೆ.

“ಮೈಗೆ ಕೂತ್ಕಳೋ ಹಾಂಗೆ ಹೊಲಿಸಿ” ಎಂದಳು ಹೆಂಡತಿ ಗಿರಿಜೆ. “ಕಲ್ಲು ಹೊತ್ತು ಹೊತ್ತು ಮೈಕಟ್ಟು ಚಲೋ ಅದೆ. ಅದ್ನ ಮುಚ್ಚಿ ಎಂತ ಮಾಡೂದು?”

ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ಆಗ ದಿನಾ ಬಸ್ಸಿನಲ್ಲಿ ಹೋಗಿ ಭಟ್ಕಳದ ಹತ್ತಿರದ ಹೆಬಳೆಯಲ್ಲಿ ಒಂದು ಮನೆ ಕಟ್ಟುತ್ತಿದ್ದೆ. ಎದೆಯುಬ್ಬಿಸಿಕೊಂಡೇ ಭಟ್ಕಳದ ಟೇಲರ್ ಇಸ್ಮಾಯಿಲ್ ಸಾಹೇಬರ ಅಂಗಡಿಗೆ ಹೋದೆ.

“ಟೈಟ್ ಎಂತಕ್ಕೆ ಮೇಸ್ತ್ರಿ? ಈಗ ಲೂಸ್ ಕಾಲ” ಎಂದರು ಅವರು. “ದುಬೈಯಿಂದ ಬಂದವ್ರೆಲ್ಲ ಗಾಳಿಯಾಡೋ ಹಾಂಗೇ ಹೊಲಿಸ್ತಾರೆ. ಸೊಂಟಕ್ಕೆ ನೆರಿಗೆ, ಕೆಳಗೆ ಅಗಲ.”

“ಮೈಕಟ್ಟು ಕಾಣೂದಿಲ್ವಲ್ಲ?”

“ಮೈಕಟ್ಟು ಯಾರು ನೋಡ್ತಾರೆ ಮಾರಾಯ್ರೆ? ಪ್ಯಾಂಟು ನೋಡ್ತಾರೆ.”

ಅಲ್ಲಿಂದ ನನ್ನ ತಲೆ ಕೆಟ್ಟಿತು. ರಾತ್ರಿ ಗಿರಿಜೆಯ ಎದುರು ಕೂತರೆ ಟೈಟೇ ಸರಿ. ಬೆಳಿಗ್ಗೆ ಭಟ್ಕಳದಲ್ಲಿ ಇಳಿದರೆ ಲೂಸೇ ಸರಿ. ಬಸ್ಸಿನಲ್ಲಿ ಕಂಡಕಂಡವರ ಸೊಂಟವನ್ನೇ ನೋಡುತ್ತ ಕೂತೆ. “ಎಂತ ಕಳ್ಕಂಡ್ರಿ?” ಎಂದು ಕೊನೆಗೆ ಕಂಡಕ್ಟರನೇ ಕೇಳಿದ.

ಆಗ ಹೊಳೆಯಿತು ಉಪಾಯ. ಬಾಗಿಲಿಗೆ ಜಾಗ ಬಿಡುವಾಗ ನಾವು ಗಿಲಾವಿನ ದಪ್ಪವನ್ನೂ ಸೇರಿಸಿಯೇ ಬಿಡುತ್ತೇವೆ. ಆಮೇಲೆ ಸಿಮೆಂಟು ಮೆತ್ತಿದಾಗ ಅಳತೆ ಸರಿಯಾಗಿ ಬಂದು ಕೂರುತ್ತದೆ. ಹಾಗೆಯೇ ನನ್ನ ಸ್ಟೀಲ್ ಟೇಪಿನಲ್ಲಿ ಸೊಂಟ ಅಳೆದು, ಎರಡೂ ಬದಿಗೆ ಗಿಲಾವು ಸೇರಿಸಿ, ಚೀಟಿಯಲ್ಲಿ ಬರೆದೆ. ಟೈಟೂ ಅಲ್ಲ, ಲೂಸೂ ಅಲ್ಲ. ಪ್ಯಾಂಟಿಗೆ ಗಿಲಾವು ಮಾಡುವವರಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

“ಒಂದ್ಸಲ ನಾನೂ ಅಳೀತೆ” ಎಂದರು ಸಾಹೇಬರು.

“ಬ್ಯಾಡ. ನಾ ಅಳತೆ ಕೊಟ್ಟ ಬಾಗ್ಲು ಈವರೆಗೆ ಎಲ್ಲೂ ಸಿಕ್ಕಂಡದ್ದಿಲ್ಲ.”

ಚೀಟಿಯಲ್ಲಿದ್ದದ್ದೇ ನನ್ನ ಮೈ ಅಳತೆಯೆಂದು ತಿಳಿದ ಅವರು, ಅದರ ಮೇಲೆ ಈಗಿನ ಕಾಲದ ಲೂಸನ್ನೂ ಧಾರಾಳವಾಗಿ ಸೇರಿಸಿದರು.

ಮದುವೆಯ ಬೆಳಿಗ್ಗೆ ಹೊನ್ನಾವರದಲ್ಲಿ ಪ್ಯಾಂಟು ತೊಟ್ಟು ನಿಂತೆ. ಗಿರಿಜೆ ನನ್ನನ್ನು ನೋಡಿದಳು. ಆಮೇಲೆ ನನ್ನ ಹಿಂದೆ ನೋಡಿದಳು.

“ಇನ್ನೊಬ್ರು ಎಲ್ಲಿ?”

ಬೆಲ್ಟಿಗಾಗಿ ಓಡಾಡಿದೆ. ನಮ್ಮ ಕಡೆಯ ಗಂಡಸರೆಲ್ಲ ಪಂಚೆಯಲ್ಲಿದ್ದರು. ಕೊನೆಗೆ ಎಲ್ಲಿ ಹೋದರೂ ಜೊತೆಗಿರುವ ಕೆಲಸದ ಚೀಲದಲ್ಲಿದ್ದ, ಗೋಡೆಯ ಸಾಲು ಹಿಡಿಯುವ ನೈಲಾನ್ ದಾರವನ್ನೇ ಸೊಂಟಕ್ಕೆ ಬಿಗಿದು, ಅಂಗಿಯನ್ನು ಮೇಲೆ ಬಿಟ್ಟೆ.

ಸವಿತಾಳನ್ನು ಎತ್ತಿಕೊಂಡು ಹೊರಟೆ. ನೈಲಾನಿನ ಗಂಟು ಜಾರಿತು. ಕೈ ಎರಡೂ ಹುಡುಗಿಯ ಕೆಳಗೆ. ತೊಡೆಗಳನ್ನು ಒತ್ತಿ ಹಿಡಿದು ಏಡಿಯಂತೆ ಅಡ್ಡಡ್ಡ ನಡೆದೆ.

“ಮಾವಾ, ನನ್ನ ಬೀಳಿಸ್ತ್ಯಾ ಎಂತ?” ಎಂದಳು ಅವಳು ಕಿವಿಯಲ್ಲಿ.

“ನೀ ಬೀಳೂದಿಲ್ಲ. ಬೇರೆ ಎಂತೋ ಬೀಳ್ತದೆ.”

ಮಂಟಪದಲ್ಲಿ ಅವಳನ್ನು ಇಳಿಸಿ ಎರಡೂ ಕೈಯಿಂದ ಪ್ಯಾಂಟಿನ ಸೊಂಟ ಹಿಡಿದೆ. ಬೆನ್ನಿಗೆ ಗಿರಿಜೆ ಅಡ್ಡ ನಿಂತಳು. ಮುಂದೆ ವಧೂವರರ ನಡುವೆ ಹಿಡಿದ ಅಂತರಪಟ. ಅದರಾಚೆ ಓದಿದವರು, ನೌಕರಿಯವರು, ಎಲ್ಲರೂ.

“ಮುಹೂರ್ತ ಆತು. ಅಂತರಪಟ ತೆಗೀರಿ” ಎಂದರು ಭಟ್ಟರು.

“ತೆಗೀಬೇಡಿ!” ಎಂದೆ ನಾನು.

ವಾದ್ಯ ನಿಂತಿತು. ಮುಹೂರ್ತ ಮೀರಿದರೆ ಗತಿಯೇನೆಂದು ಅಕ್ಕನ ಮುಖ ಬಿಳಿಚಿತು. ಸವಿತಾ ಮಾತ್ರ ತಲೆ ತಗ್ಗಿಸಿದವಳು ಎಲ್ಲವನ್ನೂ ಕಂಡಿದ್ದಳು. ಸೆರಗಿನಿಂದ ಎರಡು ಪಿನ್ನು ಕಿತ್ತು ನನ್ನ ಕೈಗಿಟ್ಟಳು. ಚುಚ್ಚಿಕೊಂಡೆ.

“ಆತು, ಈಗ ತೆಗೀರಿ.”

ಊಟದ ಹೊತ್ತಿಗೆ ಗಂಡಿನ ತಂದೆ ಬಂದು ನನ್ನ ಕೈ ಹಿಡಿದರು. “ಹುಡುಗೀನ ಬಿಟ್ಟುಕೊಡೂಕೆ ನಿಮಗೆ ಮನಸ್ಸೇ ಬರ್ಲಿಲ್ಲ ಅಲ್ದ?” ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನೂ ತಲೆ ತಗ್ಗಿಸಿದೆ. ಪಿನ್ನು ಅಲ್ಲೇ ಇದೆಯೋ ನೋಡಬೇಕಿತ್ತು.

ಆ ಗೌರವ ವೀಡಿಯೊ ಕ್ಯಾಸೆಟ್ ಬರುವವರೆಗೆ ಉಳಿಯಿತು. ಕ್ಯಾಮೆರಾದವನು ಅಂತರಪಟದ ಪಕ್ಕದಲ್ಲಿ ನಿಂತಿದ್ದ.

ಪ್ಯಾಂಟಿನ ಒಂದೊಂದು ಕಾಲಿನಿಂದ ಗಿರಿಜೆ ಒಂದೊಂದು ತಲೆದಿಂಬು ಹೊಲಿದಳು. ಈಗ ನನ್ನ ಹತ್ತಿರ ಪಂಚೆ ಆರು, ತಲೆದಿಂಬು ಎರಡು, ಪಿನ್ನು ಎರಡು ಇವೆ. ಪ್ಯಾಂಟು ಒಂದೂ ಇಲ್ಲ.