ಉಂಡು ಹೋದ ಗಿರಾಕಿಗಳು

ವ್ಯಾಪಾರಕ್ಕೆ ಕೈ ಹಾಕಬಾರದವರು ಇಬ್ಬರು: ಸಂಕೋಚದವರು ಮತ್ತು ಅಡಿಗೆ ಚೆನ್ನಾಗಿ ಬಲ್ಲ ತಾಯಿ ಇರುವವರು. ನನಗೆ ಎರಡೂ ಇದ್ದವು. ಆದರೂ ಇಳಕಲ್ಲಿನ ದಲಾಲಿ ಸಂಗಪ್ಪನ ಅಂಗಡಿಯಲ್ಲಿ ನಿಂತು, ನಾಲ್ಕು ಜನ ಕೇಳುವಂತೆ, "ಇನ್ನ ಮ್ಯಾಲೆ ನನ್ನ ಕಾಯಿಪಲ್ಯ ನಾನ ಮಾರ್ತೇನಿ. ನಿನ್ನ ಅಂಗಡಿ ಮೆಟ್ಟಲಾ ಹತ್ತಿದ್ರ ಕೇಳು" ಎಂದು ಕೂಗಾಡಿ ಬಂದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದಲಾಲಿಗಳನ್ನು ಬಿಟ್ಟು ನೇರವಾಗಿ ಗಿರಾಕಿಗೇ ಮಾರಿರೆಂದು ರೇಡಿಯೋದಲ್ಲಿ ಯಾರೋ ಸಾಹೇಬರು ಹೇಳಿದ್ದರು. ಅವರಿಗೆ ಹೊಲವಿತ್ತೋ ಇಲ್ಲವೋ, ನಮ್ಮವ್ವನಂಥ ಅವ್ವನಂತೂ ಇದ್ದಿರಲಿಕ್ಕಿಲ್ಲ.

ಹುನಗುಂದದ ರಸ್ತೆಗೆ ಹತ್ತಿದ ನಮ್ಮ ತುಂಡು ಹೊಲದಲ್ಲಿ ಬಾವಿಯ ನೀರಿಗೆ ಬದನೆ, ಮೆಂತೆ, ಉಳ್ಳಾಗಡ್ಡಿ ಬೆಳೆಯುತ್ತಿದ್ದೆ. ಬೋರ್ಡು ಬರೆಸಿ ನಿಲ್ಲಿಸಿದೆ. ಗಿರಾಕಿಗಳು ಬಂದರು. ಹೊಲಕ್ಕೆ ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಅವ್ವ ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿ, "ಬರ್ರಿ, ಒಂದ ರೊಟ್ಟಿ ತಿನ್ರಿ" ಅನ್ನುತ್ತಿದ್ದಳು. ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಹುನಗುಂದದ ವಕೀಲರೊಬ್ಬರು ಒಂದರ ಹಿಂದೊಂದು ರೊಟ್ಟಿ ಇಳಿಸಿ, ಕೈ ತೊಳೆದು, ಚೀಲದ ತುಂಬ ಬದನೆಕಾಯಿ ತುಂಬಿಸಿಕೊಂಡು ಜೇಬಿಗೆ ಕೈ ಹಾಕಿದರು. ನಾನು ಚಿಲ್ಲರೆ ತೆಗೆದಿಟ್ಟುಕೊಂಡೆ. ಅಷ್ಟರಲ್ಲಿ ಅವ್ವ, "ಅಯ್ಯ, ಉಂಡವರ ಕಡಿಂದ ರೊಕ್ಕ ಇಸಗೊಳ್ಳೂದೇನ್ರಿ? ನೀವೇನ ಹೊರಗಿನವರಾ?" ಎಂದಳು. ಕೋರ್ಟಿನಲ್ಲಿ ಎದುರಿನವರ ಒಂದು ಮಾತನ್ನೂ ಒಪ್ಪದ ಆ ವಕೀಲರು ಅವ್ವನ ಮಾತನ್ನು ತಕ್ಷಣ ಒಪ್ಪಿದರು. ಮುಂದಿನ ವಾರ ಬೀಗರನ್ನೂ ಕರೆತಂದರು. ಗಿಡದ ಕೆಳಗೆ ಜಾಗ ಸಾಲದಾಯಿತು. "ನಿನ್ನ ಯಾಪಾರ ಭಾಳ ಚಲೋ ನಡದೈತಿ ತಮ್ಮಾ" ಎಂದು ಅವ್ವ ಖುಷಿಪಟ್ಟಳು.

ಮುಂದಿನ ಬೀಜಕ್ಕೆ ರೊಕ್ಕ ಎಲ್ಲಿಂದ ತರಲೆಂದು ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಒಂದು ದಿನ ಸ್ವತಃ ಸಂಗಪ್ಪನೇ ಬಂದ. ಅವ್ವ ಅವನಿಗೂ ತಾಟು ಇಟ್ಟಳು. ಅವನು ಕೈಮುಗಿದು, "ಬ್ಯಾಡ್ರಿ ಯವ್ವಾ. ಉಂಡ್ರ ರೊಕ್ಕ ಕೊಡಾಕ ಬರೂದಿಲ್ಲ. ನಾ ಖರೀದಿಗೆ ಬಂದೇನಿ" ಎಂದ. ನನಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಅವ್ವನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ನಮ್ಮ ರೊಟ್ಟಿ ಒಲ್ಲದವಗ ನಮ್ಮ ಬದನಿಕಾಯಿ ಯಾಕ? ನಡಿ!" ಎಂದಳು. ಹೀಗೆ ರೊಕ್ಕ ಕೊಡಲೆಂದೇ ಬಂದ ಒಬ್ಬನೇ ಒಬ್ಬ ಗಿರಾಕಿ ಖಾಲಿ ಚೀಲ ಹಿಡಿದು ಹೋದ.

ಅವ್ವ ಬಾದಾಮಿಯಲ್ಲಿದ್ದ ತನ್ನ ತಂಗಿಯ ಮನೆಗೆ ಹೋದ ದಿನ ನೋಡಿಕೊಂಡು, ಬುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿ ಇಳಕಲ್ಲಿಗೆ ಹೋದೆ. ದರದ ಬಗ್ಗೆ ಏನೇನು ವಾದಿಸಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮೆಟ್ಟಿಲು ಹತ್ತಿದಾಗ ಸಂಗಪ್ಪ ನಕ್ಕಿದ್ದರೆ ಜಗಳಕ್ಕಾದರೂ ಒಂದು ದಾರಿಯಿರುತ್ತಿತ್ತು. ಅವನು ನಗಲಿಲ್ಲ. "ಬರ್ರಿ ಸಾಹುಕಾರ್ರ, ಕುಂಡ್ರಿ" ಎಂದು ಬಿಸಿ ಮಿರ್ಚಿಭಜಿ, ಚಹಾ ತರಿಸಿದ. ಹಸಿದಿದ್ದೆ, ತಿಂದೆ, ಕುಡಿದೆ. ಆಮೇಲೆ ಅವನು ಬದನೆಕಾಯಿ ತೂಗಿ ದರ ಹೇಳಿದ. ಹಿಂದಿನದಕ್ಕಿಂತ ಕಡಿಮೆ. ವಾದಿಸಲೆಂದು ಬಾಯಿ ತೆರೆದೆ. ತುಟಿಯ ಮೇಲೆ ಅವನ ಚಹಾದ ಸಿಹಿ ಇನ್ನೂ ಇತ್ತು.

"ನೀ ಹೇಳಿದ್ದ ಆಗಲಿ ಬಿಡು" ಎಂದೆ. ಎಷ್ಟಂದರೂ ನಾನು ನಮ್ಮವ್ವನ ಮಗ.