ನನ್ನ ವ್ಯಾನಿನಲ್ಲಿ ಯಾರೂ ವಾಂತಿ ಮಾಡಲ್ಲ

ಮಕ್ಕಳನ್ನು ತುಂಬಿಕೊಂಡು ಗಾಡಿ ಓಡಿಸುವವರಿಗೆ ನಗೋದಕ್ಕೆ ಬೇರೆ ಕಾರಣ ಬೇಕಿಲ್ಲ. ಬೆಳಿಗ್ಗೆ ಎಂಟಕ್ಕೇ ಏನಾದರೂ ಒಂದು ಆಗಿಹೋಗಿರುತ್ತದೆ. ನಾನು ಅರಳಗುಪ್ಪೆ ಕಡೆಯ ಮಕ್ಕಳನ್ನು ತಿಪಟೂರಿನ ಶಾಲೆಗೆ ಮುಟ್ಟಿಸುವ ವ್ಯಾನಿನ ಡ್ರೈವರು. ಹೆಂಗಸು ಅಂತ ಮೊದಮೊದಲು ಜನ ತಿರುಗಿ ನೋಡುತ್ತಿದ್ದರು. ಈಗ ನೋಡುವುದು, ನನ್ನ ಗಾಡಿಯಲ್ಲಿ ವಾಂತಿಯ ವಾಸನೆಯೇ ಇಲ್ಲವಲ್ಲ ಅಂತ. ಮೊದಲ ವರ್ಷ ಹೀಗಿರಲಿಲ್ಲ. ಸೀಟು ತೊಳೆದೂ ತೊಳೆದೂ ಸಾಕಾಗಿ, ಅತ್ತೆಯವರ ಹತ್ತಿರ ಕೂತು ಒಂದೊಂದೇ ಉಪಾಯ ಕಲಿತೆ. ಆ ಜಂಬ ನನಗಿದೆ. ಇದ್ದರೆ ತಪ್ಪೇನು?

೧. ನಿಂಬೆಹಣ್ಣು

ಹೊಟ್ಟೆ ತೊಳಸಿದಾಗ ನಿಂಬೆಹಣ್ಣು ಮೂಸಿದರೆ ಹಾಯೆನಿಸುತ್ತದೆ. ಒಂದು ಮಗುವಿಗೆ ಕೊಟ್ಟೆ. ಮಾರನೇ ದಿನ ಎಲ್ಲ ಮಕ್ಕಳೂ ಮನೆಯಿಂದ ಒಂದೊಂದು ತಂದವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತೆಂಗಿನಕಾಯಿ ಲಾರಿ ಅಡ್ಡ ಬಂದು ನಿಲ್ಲಿಸಬೇಕಾಯಿತು. ಬಸ್ಸಿಗೆ ಕಾಯುತ್ತಿದ್ದ ಅಜ್ಜ ಒಬ್ಬರು ಒಳಗೆ ಇಣುಕಿದರು. ಹದಿನಾರು ಮಕ್ಕಳು, ಹದಿನಾರು ನಿಂಬೆಹಣ್ಣು, ಎಲ್ಲರೂ ಕಣ್ಣು ಮುಚ್ಚಿ ಮೂಸುತ್ತಿದ್ದಾರೆ. ಅಜ್ಜ ಕೈಮುಗಿದೇಬಿಟ್ಟರು.

“ಯಾವ ದೇವಸ್ಥಾನಕ್ಕವ್ವಾ?”

“ದೇವಸ್ಥಾನ ಅಲ್ಲ ಕಣಜ್ಜ, ಇಸ್ಕೂಲಿಗೆ.”

ಅಜ್ಜ ಮಕ್ಕಳನ್ನು ಮರುಕದಿಂದ ನೋಡಿ, “ಪರೀಕ್ಷೇನ ಅಷ್ಟೊಂದು ಕಷ್ಟ ಮಾಡ್ಬುಟ್ಟವ್ರಾ?” ಅಂದರು.

೨. ಶುಂಠಿ ಬೆಲ್ಲ

ಅತ್ತೆಯವರು ಒಣಶುಂಠಿ ಪುಡಿಗೆ ಬೆಲ್ಲ ಸೇರಿಸಿ, ಗೋಲಿಯಷ್ಟು ದಪ್ಪದ ಉಂಡೆ ಕಟ್ಟಿಕೊಟ್ಟಿದ್ದರು. ಸಂಕಟ ಅಂದ ಮಗುವಿಗೆ ಒಂದು. ಎರಡೇ ದಿನಕ್ಕೆ ಎರಡನೇ ಕ್ಲಾಸಿನ ಒಬ್ಬ ಮಾತ್ರ ದಿನಾ ಸಂಕಟ ಅನ್ನತೊಡಗಿದ.

“ಆಂಟಿ, ವಾಂತಿ ಬರಂಗಾಯ್ತದೆ.”

“ಲೇ, ಗಾಡಿ ಇನ್ನೂ ಸ್ಟಾರ್ಟೇ ಮಾಡಿಲ್ಲ ಕಣ್ಲಾ!”

“ಪರವಾಗಿಲ್ಲ ಆಂಟಿ, ಉಂಡೆ ಕೊಟ್ಬುಟ್ಟು ನಿಧಾನಕ್ಕೆ ಸ್ಟಾರ್ಟ್ ಮಾಡಿ.”

೩. ದೂರ ನೋಡು

ಗಾಡಿಯಲ್ಲಿ ಪುಸ್ತಕ, ಮೊಬೈಲು ನೋಡಿದರೆ ತಲೆ ತಿರುಗುತ್ತದೆ. ಅದಕ್ಕೆ ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳನ್ನು ಮುಂದೆ ಕೂರಿಸಿ, “ರಸ್ತೆ ತುದಿ ನೋಡ್ತಾ ಇರು ಪುಟ್ಟಿ” ಅಂದೆ. ಅವಳು ಬರೀ ರಸ್ತೆ ನೋಡಲಿಲ್ಲ, ನನ್ನ ಕೈಕಾಲನ್ನೂ ನೋಡಿದಳು. ತಿಂಗಳಾಗುವಷ್ಟರಲ್ಲಿ ವಾಂತಿ ನಿಂತಿತು. ಒಂದು ದಿನ ಅವಳ ಅಪ್ಪ ಬಂದರು. ಥ್ಯಾಂಕ್ಸ್ ಹೇಳೋಕೆ ಬಂದಿದ್ದಾರೆ ಅಂದುಕೊಂಡೆ.

“ಏನ್ರೀ ಕಲಿಸಿದೀರಾ ನನ್ನ ಮಗಳಿಗೆ? ನಾನು ಕಾರು ಓಡಿಸಿದ್ರೆ ಪಕ್ಕದಲ್ಲಿ ಕೂತು ಮಾರ್ಕ್ಸ್ ಕೊಡ್ತಾಳೆ ಕಣ್ರೀ!”

“ಎಷ್ಟು ಕೊಟ್ಟವಳೆ?”

“ಹತ್ತಕ್ಕೆ ಮೂರು. ಅದೂ ಹಾರನ್ ಚೆನ್ನಾಗಿ ಹೊಡೀತೀನಿ ಅಂತ.”

೪. ಬೋರನಕಣಿವೆ

ಶಾಲೆಯವರು ಬೋರನಕಣಿವೆ ಡ್ಯಾಮ್ ನೋಡಲು ಮಕ್ಕಳನ್ನು ಕರೆದೊಯ್ಯಬೇಕೆಂದು ನನ್ನ ವ್ಯಾನನ್ನೇ ಗೊತ್ತುಮಾಡಿದರು. ಹೆಡ್‌ಮಾಸ್ಟರು ಆ ವರ್ಷವಷ್ಟೇ ಬಂದವರು. ಪಟ್ಟಿ ನೋಡಿ, ದಿನಾ ನನ್ನ ವ್ಯಾನಿನಲ್ಲೇ ಬರುವ ಮೂರನೇ ಕ್ಲಾಸಿನ ಒಬ್ಬಳ ಹೆಸರು ಹೊಡೆದುಹಾಕಿದರು. “ಇವಳು ಬಸ್ ಹತ್ತಿದ್ರೆ ವಾಂತಿ ಮಾಡ್ಕೋತಾಳಂತೆ. ಬೇಡ.”

ಅಲ್ಲೇ ನಿಂತಿದ್ದ ಹುಡುಗಿಯ ಕಣ್ಣು ತುಂಬಿತು. ನನಗೆ ರೇಗಿಹೋಯಿತು.

“ಸಾರ್, ಅವಳು ನನ್ನ ಜವಾಬ್ದಾರಿ. ಅವಳಿಗೆ ವಾಂತಿ ಆದ್ರೆ ನಾಳೆಯಿಂದ ನನ್ನ ವ್ಯಾನು ನಿಮ್ಮ ಶಾಲೆ ಗೇಟಿಗೆ ಬರಲ್ಲ.”

ಅಂದಮೇಲೆ, ದುಡುಕಿದೆನೇನೋ ಅಂತ ನನಗೇ ಅನ್ನಿಸಿತು. ಅನ್ನ ಕೊಡೋ ಗಾಡಿ ಅದು. ಹೊರಡುವ ದಿನ ಅವಳ ಮನೆಗೇ ಹೋಗಿ, ಎರಡೇ ಇಡ್ಲಿ ತಿನ್ನಿಸಿ, ಹಾಲು ಬೇಡ ಅಂದು, ಮುಂದಿನ ಸೀಟಿನಲ್ಲಿ ಗಾಳಿ ಬರುವಂತೆ ಕೂರಿಸಿದೆ. ಹೆಡ್‌ಮಾಸ್ಟರು ದಾರಿಯ ಹೋಟೆಲಿನಲ್ಲಿ ಪೂರಿ, ಎರಡು ವಡೆ, ಕಾಫಿ ಮುಗಿಸಿ ಹಿಂದಿನ ಸೀಟಿನಲ್ಲಿ ಮೊಬೈಲ್ ಹಿಡಿದು ಕೂತರು.

ಚಿಕ್ಕನಾಯಕನಹಳ್ಳಿ ದಾಟಿ ಸ್ವಲ್ಪ ದೂರ ಹೋಗಿದ್ದೆವು.

“ಅಮ್ಮಾ... ಗಾಡಿ... ನಿಲ್ಸಮ್ಮಾ!”

ಕನ್ನಡಿಯಲ್ಲಿ ನೋಡಿದೆ. ಹೆಡ್‌ಮಾಸ್ಟರ ಮುಖ ಬೆಳ್ಳಗಾಗಿತ್ತು. ಬ್ರೇಕ್ ಹಾಕಿದೆ. ಇಳಿದವರು ಒಂದು ತೆಂಗಿನ ಮರದ ಬುಡ ಮುಟ್ಟುವಷ್ಟರಲ್ಲಿ ಪೂರಿ ಹೊರಗೆ.

ನಾನು ಇಳಿಯುವ ಮೊದಲೇ ಆ ಹುಡುಗಿ ನೀರಿನ ಬಾಟಲಿ ಹಿಡಿದು ಓಡಿದ್ದಳು. ಮೊದಮೊದಲು ನಾನು ಅವಳ ಬೆನ್ನು ಸವರುತ್ತಿದ್ದ ಹಾಗೆಯೇ ಅವರ ಬೆನ್ನು ಸವರುತ್ತಾ, “ಆಗೋಯ್ತು ಸಾರ್, ಆಗೋಯ್ತು. ನಿಧಾನಕ್ಕೆ ಉಸಿರಾಡಿ. ಮೊಬೈಲ್ ಇಲ್ಲಿ ಕೊಡಿ” ಅಂದಳು. ಹೆಡ್‌ಮಾಸ್ಟರು ತೆಪ್ಪಗೆ ಕೊಟ್ಟರು. ಅವರನ್ನು ತನ್ನ ಜಾಗದಲ್ಲಿ ಕೂರಿಸಿ ತಾನು ಹಿಂದೆ ಹೋದಳು. ಡ್ಯಾಮಿನವರೆಗೂ, ವಾಪಸ್ ಬರುವವರೆಗೂ ಅವಳಿಗೆ ಏನೂ ಆಗಲಿಲ್ಲ. ಸ್ಟೇರಿಂಗ್ ಹಿಡಿದ ನನ್ನ ಎದೆ ಹೆಮ್ಮೆಯಿಂದ ಉಬ್ಬಿತ್ತು.

ಸಂಜೆ ಶಾಲೆ ಗೇಟಿನ ಹತ್ತಿರ ಅವಳ ಅಮ್ಮ ಟವೆಲ್ಲು, ಬೇರೆ ಬಟ್ಟೆ ಹಿಡಿದುಕೊಂಡೇ ಕಾಯುತ್ತಿದ್ದರು. ವ್ಯಾನು ನಿಂತ ಕೂಡಲೇ ಓಡಿಬಂದು, “ಎಷ್ಟು ಸಲ ವಾಂತಿ ಆಯ್ತೇ?” ಅಂದರು.

“ಒಂದೇ ಸಲ ಕಣಮ್ಮ. ಸಾರ್‌ಗೆ.”

ಅಮ್ಮ ಬಾಯಿ ಬಿಟ್ಟುಕೊಂಡು ಮುಂದಿನ ಸೀಟಿನತ್ತ ನೋಡಿದರು. ಹೆಡ್‌ಮಾಸ್ಟರು ತಲೆ ತಗ್ಗಿಸಿದರು. ಹುಡುಗಿ ಅಮ್ಮನಿಗೆ ಮೆತ್ತಗೆ ಹೇಳಿದಳು:

“ಏನೂ ಅನ್ಬೇಡಮ್ಮ, ಪಾಪ. ಹೊಸಬ್ರಲ್ವಾ, ರೂಢಿಯಾಯ್ತದೆ ಬುಡು.”