ಘೋಷಣೆ ಮುಗಿಯುವ ತನಕ

೧೯೮೩ನೇ ಇಸವಿ ಜುಲೈ ಹನ್ನೆರಡನೇ ತಾರೀಖು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಜೆ.ಪಿ. ನಗರದ ಅಂಚಿನಲ್ಲಿದ್ದ ದಕ್ಷಿಣ ಭಾರೀ ಯಂತ್ರ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಯಾವ ಅಪಘಾತವೂ ಸಂಭವಿಸಲಿಲ್ಲ. ಹಾಗೆ ಸಂಭವಿಸದೇ ಇದ್ದ ಅಪಘಾತದಲ್ಲಿ ಬಡಗಿ ಪಿಳ್ಳಣ್ಣನ ಬಲಗಾಲಿನ ಎರಡು ಬೆರಳು ಜಜ್ಜಿಹೋದವು.

ಪಿಳ್ಳಣ್ಣ ಚಿಕ್ಕಲಸಂದ್ರದವನು. ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ ಸ್ಕಿಡ್ ಕಟ್ಟುವುದು. ಸ್ಕಿಡ್ ಎಂದರೆ ಕಾರ್ಖಾನೆಯ ಯಂತ್ರ ಲಾರಿ ಹತ್ತುವ ಮುಂಚೆ ಕೂರುವ ಮರದ ಮಣೆ. ಮಣೆ ಎಂದ ಕೂಡಲೇ ಮದುವೆಮನೆಯ ಮಣೆ ನೆನೆಸಿಕೊಳ್ಳಬೇಡಿ. ಎಂಟಿಂಚು ದಪ್ಪದ ಮೂರು ಮತ್ತಿಮರದ ತೊಲೆ, ಅವನ್ನು ಹಿಡಿದಿಡಲು ಅಡ್ಡಡ್ಡ ಹಲಗೆ, ಎರಡನ್ನೂ ಸೇರಿಸಿ ಬಿಗಿಯಲು ಮೊಳದುದ್ದದ ಬೋಲ್ಟುಗಳು. ಎಲ್ಲ ಸೇರಿ ಅರ್ಧ ಟನ್ ತೂಕ. ಇದನ್ನು ಕಟ್ಟುವುದು ತಲೆಕೆಳಗಾಗಿ. ಹಲಗೆ ಕೆಳಗೆ, ತೊಲೆ ಮೇಲೆ. ಬೋಲ್ಟು ಬಿಗಿದಾದ ಮೇಲೆ ಇಡೀ ಸ್ಕಿಡ್ಡನ್ನು ದೋಸೆ ಮಗುಚಿದ ಹಾಗೆ ಮಗುಚಿ ಹಾಕಬೇಕು. ಅಪಾಯವೇನಾದರೂ ಇದ್ದರೆ ಆ ಮಗುಚುವ ಅರ್ಧ ನಿಮಿಷದಲ್ಲಿತ್ತು.

ಮೊದಲು ಈ ಕೆಲಸಕ್ಕೆ, ಸರಪಳಿ ಎಳೆದು ಭಾರ ಎತ್ತುವ ಚೈನ್ ಪುಲ್ಲಿ ಇತ್ತು. ೧೯೭೯ರಲ್ಲಿ ಅದರ ಹಲ್ಲು ಮುರಿಯಿತು. ಅಂದಿನಿಂದ ಅದು "ಬಳಸಬಾರದು" ಎಂಬ ಚೀಟಿ ಕಟ್ಟಿಕೊಂಡು ಸೂರಿನ ತೊಲೆಯಿಂದ ನೇತಾಡುತ್ತಿತ್ತು, ಪ್ರತಿ ಆಯುಧಪೂಜೆಗೆ ಅದಕ್ಕೂ ಕುಂಕುಮ, ಚೆಂಡುಹೂವು, ನಿಂಬೆಹಣ್ಣು ಸಲ್ಲುತ್ತಿದ್ದವು. ಸ್ಕಿಡ್ಡನ್ನು ಮಾತ್ರ ಆರು ಜನ ಒಂದೇ ಅಂಚಿಗೆ ಹಾರೆ ಕೊಟ್ಟು ಎತ್ತುತ್ತಿದ್ದರು. ಪಿಳ್ಳಣ್ಣ "ಏಲೇ..." ಎಂದು ಎಳೆದರೆ ಉಳಿದ ಐವರು "ಐಸಾ!" ಎನ್ನುತ್ತಿದ್ದರು. ಆ "ಸಾ" ಬೀಳುವ ಹೊತ್ತಿಗೆ ಆರೂ ಹಾರೆ ಒಟ್ಟಿಗೆ ಮೇಲೇಳಬೇಕು. ನಾಲ್ಕು ವರ್ಷ ಎದ್ದವು. ಪಿಳ್ಳಣ್ಣನ ಅಪ್ಪ ಉತ್ತರಹಳ್ಳಿಯಲ್ಲಿ ಕಲ್ಲುಚಪ್ಪಡಿ ಎತ್ತುವಾಗ ಕೂಗುತ್ತಿದ್ದುದೂ ಇದೇ ಕೂಗು.

ಆ ವರ್ಷ ಏಪ್ರಿಲ್‌ನಲ್ಲಿ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರೊಬ್ಬರು ಬಂದರು. ಶೆಡ್ಡಿನ ಬಾಗಿಲಲ್ಲಿ ನಿಂತು "ಐಸಾ" ಕೇಳಿಸಿಕೊಂಡು ಹೋದರು. ಹೋದವರು ತಮ್ಮ ವರದಿಯಲ್ಲಿ "ಪ್ಯಾಕಿಂಗ್ ವಿಭಾಗದ ಕಾರ್ಮಿಕರು ಕೆಲಸದ ವೇಳೆ ನೋವಿನಿಂದ ಕೂಗಿಕೊಳ್ಳುತ್ತಾರೆ" ಎಂದು ಬರೆದರು. ನೋವನ್ನು ನಿವಾರಿಸುವ ಹೊಣೆ ಸುರಕ್ಷತಾ ಅಧಿಕಾರಿ ಶಾಂತವೀರಪ್ಪನವರ ಮೇಲೆ ಬಿತ್ತು. ಅವರು ಇಸ್ತ್ರಿ ಮುದುರದ ಮನುಷ್ಯ. ಕಾರ್ಖಾನೆಯಲ್ಲಿ ಹೆಲ್ಮೆಟ್ ಇದ್ದದ್ದು ಅವರೊಬ್ಬರಿಗೆ, ಅದನ್ನು ಅವರು ಆಫೀಸಿನೊಳಗೂ ತೆಗೆಯುತ್ತಿರಲಿಲ್ಲ. ಒಂದೇ ವಾರದಲ್ಲಿ ಸುತ್ತೋಲೆ ಹೊರಟಿತು:

"ಭಾರ ಎತ್ತುವ ಸಂದರ್ಭಗಳಲ್ಲಿ ಬಳಕೆಯಲ್ಲಿರುವ 'ಐಸಾ' ಹಾಗೂ ತತ್ಸಮಾನ ಅನಧಿಕೃತ ಶಬ್ದಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಬದಲಿಗೆ 'ಸುರಕ್ಷತೆಯೇ ಶಿಸ್ತು, ಶಿಸ್ತೇ ಉತ್ಪಾದನೆ, ಉತ್ಪಾದನೆಯೇ ರಾಷ್ಟ್ರಸೇವೆ' ಎಂಬ ಅನುಮೋದಿತ ಘೋಷಣೆಯನ್ನು ಎಲ್ಲರೂ ಒಕ್ಕೊರಲಿನಿಂದ ಕೂಗತಕ್ಕದ್ದು. ಘೋಷಣೆ ಪೂರ್ಣಗೊಳ್ಳುವ ತನಕ ಕೆಲಸ ಪ್ರಾರಂಭವಾಗಿದೆಯೆಂದು ಭಾವಿಸತಕ್ಕದ್ದಲ್ಲ."

ಪಿಳ್ಳಣ್ಣ ಸುತ್ತೋಲೆ ಓದಿಸಿಕೊಂಡು ಶಾಂತವೀರಪ್ಪನವರ ಬಳಿಗೆ ಹೋದ.

"ಸಾರ್, ಇದ್ರಲ್ಲಿ ಎಲ್ಲಿ ಎತ್ಬೇಕು?"

"ಪೂರ್ತಿ ಹೇಳಿ ಮುಗಿಸಿ, ಆಮೇಲೆ ಎತ್ತಿ."

"ಅಷ್ಟುದ್ದ ಹೇಳಿ ಮುಗ್ಸೋ ಹೊತ್ಗೆ ಉಸಿರೇ ಇರಲ್ವಲ್ಲ ಸಾರ್."

"ಉಸಿರಿನ ಬಗ್ಗೆ ಸುತ್ತೋಲೆಯಲ್ಲಿ ಏನೂ ಇಲ್ಲ ಪಿಳ್ಳಣ್ಣ."

"ಆ ಚೈನ್ ಪುಲ್ಲಿ ಒಂದ್ ರಿಪೇರಿ ಮಾಡ್ಸಿಬಿಡಿ ಸಾರ್. ಕೂಗೋದೇ ಬೇಡ. ಇಲ್ದಿದ್ರೆ ಒಂದಲ್ಲ ಒಂದಿನ ಯಾರ್ದಾದ್ರೂ ಕಾಲು ಹೋಗುತ್ತೆ."

ಶಾಂತವೀರಪ್ಪನವರು ಅವನನ್ನು ಕರೆದುಕೊಂಡು ಹೋಗಿ ಗೇಟಿನ ಪಕ್ಕದ ಹಸಿರು ಬೋರ್ಡಿನ ಮುಂದೆ ನಿಲ್ಲಿಸಿದರು. ಅಪಘಾತರಹಿತ ದಿನಗಳು ಎಂದು ಬರೆದು ಅದರ ಕೆಳಗೆ ಸೀಮೆಸುಣ್ಣದಲ್ಲಿ ಒಂಬೈನೂರ ಐದು ಎಂದಿತ್ತು.

"ನೋಡಿ. ಪುಲ್ಲಿ ಮಂಜೂರಾಗೋದು ಅಪಾಯ ಇರೋ ಜಾಗಕ್ಕೆ. ಅಪಾಯ ಇದೆ ಅಂತ ಗೊತ್ತಾಗೋದು ಅಪಘಾತದಿಂದ. ಇಷ್ಟು ಸುರಕ್ಷಿತವಾದ ಜಾಗಕ್ಕೆ ಪುಲ್ಲಿ ಕೇಳಿದರೆ ಹೆಡ್ ಆಫೀಸಿನವರು ನಗ್ತಾರೆ. ಇನ್ನು ತೊಂಬತ್ತೈದು ದಿನ ಕಳೆದರೆ ಸಾವಿರ. ಸಾವಿರ ಆದರೆ ಕಾರ್ಖಾನೆಗೆ ಶೀಲ್ಡು, ನಿಮಗೆಲ್ಲ ತಲೆಗೊಂದು ಪ್ರೆಷರ್ ಕುಕ್ಕರು."

ಕುಕ್ಕರಿನ ಸುದ್ದಿ ಕೇಳಿ ಪಿಳ್ಳಣ್ಣ ಪುಲ್ಲಿಯ ಮಾತು ಬಿಟ್ಟು ಶೆಡ್ಡಿಗೆ ವಾಪಸಾದ. ಅವನ ಹೆಂಡತಿ ಅಂಕಮ್ಮ ಎರಡು ವರ್ಷದಿಂದ ಎದುರುಮನೆ ಮೀನಾಕ್ಷಮ್ಮನ ಕುಕ್ಕರಿನ ಸೀಟಿ ಎಣಿಸಿಕೊಂಡು ತನ್ನ ಸೌದೆ ಒಲೆ ಊದುತ್ತಿದ್ದವಳು. ಆ ಸಂಜೆ ವಿಷಯ ತಿಳಿದವಳೇ, ಯಾವ ಗೂಡಲ್ಲಿ ಕುಕ್ಕರ್ ಇಡಬೇಕು ಅಂತ ಗೋಡೆ ಒರೆಸಿ ಜಾಗ ಮಾಡಿಟ್ಟಳು.

ಹೊಸ ಘೋಷಣೆ ಜಾರಿಗೆ ಬಂದಿತು. ಮೇಲಿನವರು ಇಲ್ಲದಾಗ ಅವರು ಐಸಾ ಎಂದೇ ಎತ್ತುತ್ತಿದ್ದರು, ಇದ್ದಾಗ ಎತ್ತುವ ಕೆಲಸವನ್ನೇ ಮುಂದಕ್ಕೆ ಹಾಕುತ್ತಿದ್ದರು. ಹೀಗೆ ಎಂಬತ್ತು ದಿನ ನಡೆಯಿತು. ಜುಲೈ ಹನ್ನೆರಡರಂದು ಶಾಂತವೀರಪ್ಪನವರು ಫೋಟೋದವನೊಬ್ಬನನ್ನು ಕರೆದುಕೊಂಡು ಬಂದುಬಿಟ್ಟರು. ಶೀಲ್ಡಿನ ಅರ್ಜಿಗೆ ಸುರಕ್ಷಿತವಾಗಿ ಸ್ಕಿಡ್ ಮಗುಚುವ ಫೋಟೋ ಲಗತ್ತಿಸಬೇಕಿತ್ತು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಆರೂ ಜನ ಹಾರೆ ಕೊಟ್ಟು ಘೋಷಣೆ ಶುರು ಮಾಡಿದರು.

ಕೈಗೆ ಸುತ್ತೋಲೆ ತಿಳಿಯದು. ಬಾಯಿ "ಸುರಕ್ಷತೆಯೇ" ಎಂದದ್ದೇ ತಡ, ಹಳಬರು ಮೂವರು ರೂಢಿಯ ಮೇಲೆ ಎತ್ತಿಬಿಟ್ಟರು. ಹೊಸಬರು ಮೂವರು ತರಬೇತಿ ಪಡೆದವರು, ರಾಷ್ಟ್ರಸೇವೆ ಬರಲಿ ಎಂದು ಕಾದರು. ಸ್ಕಿಡ್ಡಿನ ಒಂದು ಮೂಲೆ ಸೊಂಟದೆತ್ತರಕ್ಕೆ ಎದ್ದು, ಓರೆಯಾಗಿ, ಹಾರೆಯಿಂದ ಜಾರಿ ಪಿಳ್ಳಣ್ಣನ ಹವಾಯಿ ಚಪ್ಪಲಿಯ ಮೇಲೆ ಇಳಿಯಿತು. ಫೋಟೋ ಚೆನ್ನಾಗಿ ಬಂತು. ಅದರಲ್ಲಿ ಎಲ್ಲರ ಬಾಯಿಯೂ ತೆರೆದಿದೆ.

ಕಾರ್ಖಾನೆಯ ಕಾಂಪೌಂಡರು ಬೆರಳುಗಳಿಗೆ ಕಟ್ಟು ಕಟ್ಟಿ, "ಆರು ವಾರ ಭಾರ ಎತ್ತೋ ಹಾಗಿಲ್ಲ" ಎಂದ. ಗಾಯದ ರಜೆ ಸಿಗಬೇಕಾದರೆ ಅಪಘಾತದ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕಿತ್ತು. ಆ ಒಂದು ಸಾಲು ಬರೆದರೆ ಬೋರ್ಡಿನ ಒಂಬೈನೂರ ಎಂಬತ್ತೈದು ಅಳಿಸಿ ಸೊನ್ನೆ ಬರೆಯಬೇಕಿತ್ತು. ಬರೆಯದಿದ್ದರೆ ಪಿಳ್ಳಣ್ಣ ಮಾರನೇ ದಿನ ಅದೇ ಕಾಲೂರಿ ಅದೇ ಸ್ಕಿಡ್ ಎತ್ತಬೇಕಿತ್ತು. ವಿಷಯ ಇಷ್ಟೇ ಆದ್ದರಿಂದ ವಿಚಾರಣಾ ಸಮಿತಿ ನೇಮಕವಾಯಿತು.

ಸಮಿತಿ ಕ್ಯಾಂಟೀನಿನಲ್ಲಿ ಸೇರಿತು. ಕಾರ್ಮಿಕ ಸಂಘದ ಕಾರ್ಯದರ್ಶಿ ಏಕಾಂತಯ್ಯನವರು ಕಾರ್ಮಿಕರ ಪರ ಕೂತಿದ್ದರು. ಸಾಕ್ಷಿಯಾಗಿ ಬಂದವನು ಮುನಿಯಣ್ಣ. ಪಿಳ್ಳಣ್ಣನ ಪಕ್ಕದ ಹಾರೆ ಅವನದು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಮುದ್ದೆ ಮುರಿದವರು.

"ಘೋಷಣೆ ಎಲ್ಲಿಯ ತನಕ ಬಂದಿತ್ತು?" ಶಾಂತವೀರಪ್ಪನವರು ಕೇಳಿದರು.

"ಶಿಸ್ತೇ... ತನಕ ಬಂದಿತ್ತು ಸಾರ್."

"ಆಮೇಲೆ?"

"ಆಮೇಲೆ ಪಿಳ್ಳಣ್ಣ 'ಅಯ್ಯಪ್ಪಾ ಸತ್ತೆ' ಅಂದ."

"'ಅಯ್ಯಪ್ಪಾ ಸತ್ತೆ' ಅನ್ನೋದು ಘೋಷಣೆಯಲ್ಲಿ ಇದೆಯೋ?"

ಮುನಿಯಣ್ಣ ಪಿಳ್ಳಣ್ಣನ ಕಾಲು ನೋಡಿದ, ಸೂರು ನೋಡಿದ. "ಇಲ್ಲ ಸಾರ್."

ಏಕಾಂತಯ್ಯನವರು ಎದ್ದು, ಕಾರ್ಮಿಕನ ನೋವನ್ನು ತಾವು ಬಲ್ಲೆವೆಂದೂ ಆದರೆ ಕಾರ್ಮಿಕರ ನೂರಾ ನಲವತ್ತು ಕುಕ್ಕರುಗಳ ಪ್ರಶ್ನೆಯೂ ಇದೆಯೆಂದೂ ಗದ್ಗದಿತರಾಗಿ ಹೇಳಿ ಕೂತರು. ಅದೇ ಸಂಜೆ ತೀರ್ಮಾನ ಹೊರಬಿತ್ತು: ಘೋಷಣೆ ಪೂರ್ಣಗೊಂಡಿಲ್ಲವಾದ್ದರಿಂದ ಕೆಲಸ ಪ್ರಾರಂಭವಾಗಿರಲಿಲ್ಲ, ಪ್ರಾರಂಭವಾಗದ ಕೆಲಸದಲ್ಲಿ ಅಪಘಾತ ಸಂಭವಿಸುವಂತಿಲ್ಲ, ಪಿಳ್ಳಣ್ಣನ ಬೆರಳುಗಳ ಸದ್ಯದ ಸ್ಥಿತಿ ಅವನ ಖಾಸಗಿ ವಿಷಯ, ಘೋಷಣೆಯನ್ನು ನಡುವೆ ತುಂಡರಿಸಿದ್ದಕ್ಕಾಗಿ ಅವನಿಗೆ ಎಚ್ಚರಿಕೆ ನೀಡಲಾಗಿದೆ.

ಪಿಳ್ಳಣ್ಣನಿಗೆ ಎಚ್ಚರಿಕೆಯಿಂದ ನೋವಾಗಲಿಲ್ಲ. ಮುನಿಯಣ್ಣ ಸೂರು ನೋಡಿದ್ದು ಕರುಳಿಗೆ ಚುಚ್ಚಿತು. ರಾತ್ರಿ ಊಟಕ್ಕೆ ಮುಂಚೆ ಮುನಿಯಣ್ಣ ಎರಡು ಏಲಕ್ಕಿ ಬಾಳೆಚಿಪ್ಪು ಹಿಡಿದುಕೊಂಡು ಚಿಕ್ಕಲಸಂದ್ರಕ್ಕೆ ಬಂದ.

"ಬೈಕೋಬೇಡ ಕಣೋ," ಎಂದ ಜಗಲಿಯಲ್ಲಿ ಕೂತು. "ಮಗಳ ಮದ್ವೆ ಪಟ್ಟಿಲಿ ಕುಕ್ಕರ್ ಅಂತ ಬರೆದ್ಬಿಟ್ಟಿದೀನಿ. ಗಂಡಿನ ಕಡೆಯೋರು ಪಟ್ಟಿ ಬಾಯಿಪಾಠ ಮಾಡ್ಕೊಂಡವ್ರೆ."

"ನನ್ ಕಾಲೋ?"

"ನಿನ್ ಕಾಲು ಹೆಂಗಿದ್ರೂ ಹೋಯ್ತಲ್ಲಪ್ಪ. ಅದ್ರ ಜೊತೆ ಕುಕ್ಕರೂ ಹೋಗ್ಬೇಕಾ?"

ಪಿಳ್ಳಣ್ಣ ಅವನ ಕತ್ತಿನಪಟ್ಟಿ ಹಿಡಿಯಬೇಕೆಂದು ಎದ್ದ. ಆದರೆ ಒಳಗಿಂದ ಅಂಕಮ್ಮ, "ಅಣ್ಣ ಹೇಳೋದ್ರಲ್ಲೂ ಅರ್ಥ ಇದೆ ಅಲ್ವಾ," ಎಂದಳು. ಪಿಳ್ಳಣ್ಣ ಕೂತ. ಗೂಡಿನಲ್ಲಿ ಅವಳು ಒರೆಸಿಟ್ಟ ಜಾಗ ಖಾಲಿ ಇತ್ತು, ಅದನ್ನೂ ಅವನು ನೋಡಿದ.

ಮಾರನೇ ದಿನ ಏಕಾಂತಯ್ಯನವರು ರಾಜಿಯೊಂದನ್ನು ತಂದರು. "ನನಗೆ ಯಾವುದೇ ಅಪಘಾತವಾಗಿಲ್ಲ" ಎಂದು ಪಿಳ್ಳಣ್ಣ ಬರೆದುಕೊಟ್ಟರೆ ಆಡಳಿತವು ಮಾನವೀಯತೆಯಿಂದ ಅವನಿಗೆ ಹಗುರ ಕೆಲಸ ಕೊಡುತ್ತದೆ. ಅಪಘಾತವಾಗದವನಿಗೆ ಹಗುರ ಕೆಲಸ ಏಕೆ ಎಂದು ಯಾರೂ ಕೇಳಲಿಲ್ಲ, ಪಿಳ್ಳಣ್ಣನೂ ಕೇಳಲಿಲ್ಲ. ಆರು ವಾರ ಕಾಲೂರದೆ ಇದ್ದರೆ ಬೆರಳು ಉಳಿದಾವು ಎಂದು ಕಾಂಪೌಂಡರು ಹೇಳಿದ್ದ. ಅವನು ಸಹಿ ಹಾಕಿದ. ಹಗುರ ಕೆಲಸದ ಹೆಸರು ಘೋಷಕ: ಇನ್ನು ಎಲ್ಲರ ಪರವಾಗಿ ಘೋಷಣೆ ಕೂಗುವವನು ಅವನೊಬ್ಬನೇ. ಹತ್ಯಾರು, ಒಂದು ಸ್ಟೂಲು.

ಜುಲೈ ಇಪ್ಪತ್ತೇಳಕ್ಕೆ ಸಾವಿರ ದಿನ ತುಂಬಿತು. ಶಾಮಿಯಾನ, ನಾದಸ್ವರ, ಎಲ್ಲರಿಗೂ ಜಾಮೂನು. ಹೆಡ್ ಆಫೀಸಿನ ಸಾಹೇಬರು ಶೀಲ್ಡು ಕೊಟ್ಟು, ನೋವಿನ ಕೂಗು ನಿಂತದ್ದಕ್ಕೆ ಸಂತೋಷ ಸೂಚಿಸಿದರು. ಪಿಳ್ಳಣ್ಣ ವೇದಿಕೆಯ ಮೇಲೆ ಒಂಟಿಕಾಲಲ್ಲಿ ನಿಂತು ಘೋಷಣೆಯನ್ನು ಒಂದಕ್ಷರ ಬಿಡದೆ ಹೇಳಿದ. ಚಪ್ಪಾಳೆ ಬಿತ್ತು. ಕೊನೆಯಲ್ಲಿ ಸಾಹೇಬರು ಒಂದು ಪ್ರಕಟಣೆ ಮಾಡಿದರು: ಇಷ್ಟು ಸುರಕ್ಷಿತವಾದ ಶೆಡ್ಡಿಗೆ ಚೈನ್ ಪುಲ್ಲಿಯ ಅಗತ್ಯವೇ ಇಲ್ಲವಾದ್ದರಿಂದ ಅದನ್ನು ರಿಪೇರಿ ಮಾಡಿಸಿ, ಅಪಘಾತಗಳು ಹೆಚ್ಚುತ್ತಿರುವ ಇನ್ನೊಂದು ಕಾರ್ಖಾನೆಗೆ ಕಳಿಸಲಾಗುವುದು. ಇದಕ್ಕೆ ಇನ್ನೂ ಜೋರು ಚಪ್ಪಾಳೆ ಬಿತ್ತು. ಪುಲ್ಲಿಯನ್ನು ಬೀಳ್ಕೊಡುವಾಗ ಹಾರ ಹಾಕಿದವನು ಮುನಿಯಣ್ಣ.

ಸ್ಟೂಲಿನ ಮೇಲೆ ಕೂತ ಮೊದಲ ದಿನವೇ ಶಾಂತವೀರಪ್ಪನವರು ಪಿಳ್ಳಣ್ಣನನ್ನು ಪಕ್ಕಕ್ಕೆ ಕರೆದು ಕೆಲಸ ವಿವರಿಸಿದ್ದರು.

"ನೀವು ನಿಧಾನವಾಗಿ ಹೇಳ್ಬೇಕು. 'ಉತ್ಪಾದನೆಯೇ' ತನಕ ಬಂದು ನಿಲ್ಲಿಸಬೇಕು. ಅವರು ಸ್ಕಿಡ್ ಮಗುಚಲಿ. ಎಲ್ಲರ ಕೈಕಾಲು ಸರಿಯಾಗಿದೆ ಅಂತ ನೋಡ್ಕೊಂಡು ಆಮೇಲೆ 'ರಾಷ್ಟ್ರಸೇವೆ' ಅನ್ನಿ."

"ಸರಿಯಾಗಿಲ್ದಿದ್ರೆ ಸಾರ್?"

"ಅನ್ನಬೇಡಿ."

ಪಿಳ್ಳಣ್ಣ ಬೇಗ ಪಳಗಿದ. ಅವನು "ಉತ್ಪಾದನೆಯೇ..." ಎಂದು ಎಳೆದು ನಿಲ್ಲಿಸುತ್ತಿದ್ದ, ಆ ಮೌನದಲ್ಲಿ ಐದು ಜನ ತುಟಿಯೊಳಗೇ ಐಸಾ ಎಂದು ಸ್ಕಿಡ್ ಮಗುಚುತ್ತಿದ್ದರು, ಅವನು ಹತ್ತು ಕೈ, ಹತ್ತು ಪಾದ ಎಣಿಸಿ "ರಾಷ್ಟ್ರಸೇವೆ" ಎನ್ನುತ್ತಿದ್ದ. ಹೀಗೆ ಆ ಶೆಡ್ಡಿನಲ್ಲಿ ತಿಂಗಳಿಗೆ ಮೂವತ್ತು ಸ್ಕಿಡ್ ಕೆಲಸ ಪ್ರಾರಂಭವಾಗುವ ಮುಂಚೆಯೇ ಮುಗಿಯತೊಡಗಿದವು. ಬೆರಳು ಎರಡೂ ಅಡ್ಡಡ್ಡ ಕೂಡಿಕೊಂಡು ಉಳಿದವು. ಆರು ವಾರ ಕಳೆದರೂ ಅವನನ್ನು ಸ್ಟೂಲಿನಿಂದ ಯಾರೂ ಇಳಿಸಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗತೊಡಗಿತು. ಮೊದಲ ಸೀಟಿಗೆ ಅಂಕಮ್ಮ ಬೀದಿಬಾಗಿಲು ತೆರೆದಿಟ್ಟಿದ್ದಳು, ಮೀನಾಕ್ಷಮ್ಮನಿಗೆ ಕೇಳಿಸಲಿ ಎಂದು.

ಡಿಸೆಂಬರಿನಲ್ಲಿ, ಬೋರ್ಡು ಸಾವಿರದ ನೂರ ನಲವತ್ತಕ್ಕೆ ಬಂದಿದ್ದ ದಿನ, ಐವರಲ್ಲಿ ಒಬ್ಬನ ಹಾರೆ ಸರಿಯಿತು. ಸ್ಕಿಡ್ ಇಳಿದಾಗ ಮುನಿಯಣ್ಣನ ಎಡಗೈ ತೊಲೆಯ ಕೆಳಗಿತ್ತು.

ಯಾರೂ ಕೂಗಲಿಲ್ಲ. ಎಲ್ಲರೂ ಮೊದಲು ನೋಡಿದ್ದು ಸ್ಟೂಲಿನ ಕಡೆಗೆ. ಪಿಳ್ಳಣ್ಣನ ಬಾಯಲ್ಲಿ ಆ ಒಂದು ಪದ ಬಾಕಿ ಇತ್ತು. ಅಂದುಬಿಟ್ಟರೆ ಕೆಲಸ ಪ್ರಾರಂಭವಾಗಿತ್ತು ಎಂದಾಗುತ್ತಿತ್ತು. ಮುನಿಯಣ್ಣನಿಗೆ ರಜೆ, ಆಸ್ಪತ್ರೆ, ಶೆಡ್ಡಿಗೆ ಪುಲ್ಲಿ ಎಲ್ಲವೂ ಕಾನೂನುಬದ್ಧವಾಗಿ ಬರುತ್ತಿದ್ದವು. ಕ್ಯಾಂಟೀನಿನಲ್ಲಿ ಸೂರು ನೋಡಿದ ಮುಖ ಈಗ ತನ್ನನ್ನೇ ನೋಡುತ್ತಿರುವುದು ಪಿಳ್ಳಣ್ಣನಿಗೆ ಕಾಣಿಸಿತು. ಎಷ್ಟಾದರೂ ಹದಿನೆಂಟು ವರ್ಷ ಮುದ್ದೆ ಹಂಚಿಕೊಂಡವನು. ಹೇಳಿಯೇಬಿಡೋಣ ಎಂದು ಅವನು ಉಸಿರೆಳೆದುಕೊಂಡ.

"ಹೇಳ್ಬೇಡ ಪಿಳ್ಳಣ್ಣ," ಎಂದ ಮುನಿಯಣ್ಣ, ಹಲ್ಲು ಕಚ್ಚಿಕೊಂಡು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಿನ್ ದಮ್ಮಯ್ಯ, ಬಾಯ್ ಮುಚ್ಕೋ. ಸಾವಿರದೈನೂರು ದಿನಕ್ಕೆ ಮಿಕ್ಸಿ ಕೊಡ್ತಾರೆ."

ಪಿಳ್ಳಣ್ಣ ಬಾಯಿ ಮುಚ್ಚಿಕೊಂಡ. ನಾಲ್ವರು ಸ್ಕಿಡ್ ಸರಿಸಿ ಕೈ ಬಿಡಿಸಿದರು. ಶಾಂತವೀರಪ್ಪನವರು ಬಂದು, ಘೋಷಣೆ ಎಲ್ಲಿಯ ತನಕ ಬಂದಿತ್ತೆಂದು ವಿಚಾರಿಸಿ, ನಿಟ್ಟುಸಿರುಬಿಟ್ಟು, ಹೆಲ್ಮೆಟ್ ಸರಿಮಾಡಿಕೊಂಡು ಹೋದರು. ಅದೇ ಮಧ್ಯಾಹ್ನ ಸ್ಟೋರ್ಸಿಗೆ ಇನ್ನೊಂದು ಸ್ಟೂಲಿಗಾಗಿ ಇಂಡೆಂಟ್ ಕಳಿಸಲಾಯಿತು.